ವಿಲಾಯತಿ ಎಂಬ ಪರದೇಶ, ಬ್ಲೈಟಿ ಎಂಬ ತವರು

1916ರ ಜುಲೈ ತಿಂಗಳು. ಉತ್ತರ ಫ್ರಾನ್ಸಿನ ಸೋಮ್ ನದಿಯ ಆಸುಪಾಸಿನ ಹೊಲಗಳಲ್ಲಿ ದೊಡ್ಡ ದೊಡ್ಡ ಡೇರೆಗಳ ಸಾಲು. ಅದು ಸೇನೆಯ ಆಸ್ಪತ್ರೆ. ಒಳಗೆ ಜಾಗ ಸಾಲದೆ ಹೊರಗಿನ ಹುಲ್ಲಿನ ಮೇಲೂ ಸ್ಟ್ರೆಚರ್‌ಗಳನ್ನು ಇಳಿಸಿದ್ದಾರೆ. ಮಲಗಿರುವ ಪ್ರತಿಯೊಬ್ಬನ ಅಂಗಿಯ ಗುಂಡಿಗೂ ದಾರದಿಂದ ಕಟ್ಟಿದ ಒಂದು ಚೀಟಿ. ಯಾವ ಗಾಯ, ಏನು ಚಿಕಿತ್ಸೆ, ಮುಂದೆ ಎಲ್ಲಿಗೆ ಸಾಗಿಸಬೇಕು ಎಂಬ ವಿವರವೆಲ್ಲ ಅದರಲ್ಲಿರುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟದ್ದಾಗಿದ್ದರೆ ಗುರುತಿಗೆಂದು ಮೈಮೇಲೆ ಅಳಿಸದ ಪೆನ್ಸಿಲಿನಲ್ಲಿ ಒಂದು 'ಟಿ' ಅಕ್ಷರ. ವೈದ್ಯಾಧಿಕಾರಿ ಬಗ್ಗಿ ಗಾಯ ನೋಡುತ್ತಾನೆ, ಚೀಟಿಯಲ್ಲಿ ಏನೋ ಬರೆಯುತ್ತಾನೆ, ಮುಂದಿನವನ ಬಳಿಗೆ ಹೋಗುತ್ತಾನೆ. ತೊಡೆಗೆ ಗುಂಡು ಹೊಕ್ಕ ಹುಡುಗ ತಲೆಯೆತ್ತಿ ಕೇಳುವುದು ಒಂದೇ ಮಾತು: "ಇದು ಬ್ಲೈಟಿಯಾ, ಸರ್?"

ಹೌದೆಂದರೆ ಅವನಿಗೆ ಹೋದ ಜೀವ ಬಂದಂತೆ. ಪಕ್ಕದ ಸ್ಟ್ರೆಚರಿನವನು ಅವನ ಪುಣ್ಯ ನೋಡಿ ಕರುಬುತ್ತಾನೆ. ಗುಂಡು ಬಿದ್ದವನನ್ನು ಕಂಡು ಇನ್ನೊಬ್ಬ ಕರುಬುವ ಕಾಲ ಅದು.

ಬ್ಲೈಟಿ ಎಂದರೆ ಬ್ರಿಟನ್. ಬ್ರಿಟಿಷರು ತಮ್ಮ ನಾಡನ್ನು, ಅದರಲ್ಲೂ ದೂರದಲ್ಲಿರುವಾಗ, ಅಕ್ಕರೆಯಿಂದ ಕರೆಯುವ ಆಡುಮಾತು. ಇಂಗ್ಲಿಷ್ ಕಾದಂಬರಿ ಓದುವವರಿಗೆ, ಮಹಾಯುದ್ಧದ ಸಿನಿಮಾ ನೋಡುವವರಿಗೆ ಇದು ಕಿವಿಗೆ ಬಿದ್ದೇ ಇರುತ್ತದೆ. ಕೇಳಿದರೆ ಅಪ್ಪಟ ಇಂಗ್ಲಿಷ್ ಅನಿಸುತ್ತದೆ. ನಿಜದಲ್ಲಿ ಅದು ನಮ್ಮ 'ವಿಲಾಯತಿ'. ನಮ್ಮ ಅಜ್ಜ ಮುತ್ತಜ್ಜಂದಿರು 'ಪರದೇಶದ್ದು' ಎಂಬ ಅರ್ಥದಲ್ಲಿ ಆಡುತ್ತಿದ್ದ ಮಾತೇ ಸಿಪಾಯಿಗಳ ಬಾಯಲ್ಲಿ ಸವೆದು ಅವರ ತವರಿನ ಹೆಸರಾಗಿದೆ. ತಮ್ಮ ಊರನ್ನು ಬೇರೆಯವರು 'ಹೊರಗಿನದು' ಎಂದು ಕರೆದ ಹೆಸರಿನಿಂದಲೇ ನೆನೆದು ಹಂಬಲಿಸಿದ ಜನ ಲೋಕದಲ್ಲಿ ಹೆಚ್ಚಿರಲಾರರು. ಈ ಪಲ್ಲಟ ನಡೆದದ್ದು ಪಂಡಿತರಿಂದಲ್ಲ, ಲಾಟರಿಂದಲೂ ಅಲ್ಲ. ಅಕ್ಷರ ಅಷ್ಟಕ್ಕಷ್ಟೇ ಬಲ್ಲ, ಕೂಲಿಯಂಥ ಸಂಬಳಕ್ಕೆ ದುಡಿದ ಸಾಮಾನ್ಯ ಸೈನಿಕರಿಂದ. ಆದ್ದರಿಂದಲೇ ಇದರ ಕಥೆಯನ್ನು ನಿಧಾನವಾಗಿ ಹೇಳಬೇಕು.

ವಲಿಯ ನಾಡು

ಮೂಲ ಅರಬ್ಬಿ ಭಾಷೆಯದು. ಪ್ರಾಂತವನ್ನು ಆಳುವ ಅಧಿಕಾರಿ ವಲಿ. ಅವನ ಅಧಿಕಾರ ನಡೆಯುವ ಪ್ರದೇಶ ವಿಲಾಯತ್. ದೇವರಿಗೆ ಹತ್ತಿರದವರು ಎಂದು ಸೂಫಿ ಸಂತರನ್ನು ವಲಿ ಎನ್ನುತ್ತೇವಲ್ಲ, ಅದೂ ಇದೇ ಬೇರಿನದು. ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದಲ್ಲಿ ಪ್ರಾಂತಗಳಿಗೆ ಇದೇ ಹೆಸರಿತ್ತು.

ಪಾರ್ಸಿಯ ಮೂಲಕ ಈ ಮಾತು ಹಿಂದೂಸ್ತಾನಕ್ಕೆ ಬಂತು. ಬಂದ ಮೇಲೆ ಅರ್ಥ ಜರುಗಿತು. ಇರಾನಿನಿಂದಲೋ ಮಧ್ಯ ಏಷ್ಯಾದಿಂದಲೋ ಬಂದವರು 'ನಮ್ಮ ವಿಲಾಯತ್' ಎಂದು ಹೇಳಿಕೊಂಡರೆ ಇಲ್ಲಿಯವರ ಕಿವಿಗೆ ಅದು ಬೆಟ್ಟಗಳಾಚೆಯ ಯಾವುದೋ ದೇಶ. ಹೀಗೆ 'ಪ್ರಾಂತ' ಎಂಬ ಅರ್ಥ ಹೋಗಿ 'ಹೊರನಾಡು' ಎಂಬ ಅರ್ಥ ಬಂತು. ಅಫ್ಘಾನರನ್ನೂ ವಿಲಾಯತಿಗಳೆಂದು ಕರೆದದ್ದುಂಟು. ಕಂಪನಿ ಸರ್ಕಾರ ಬಲಿತಂತೆ ಹೊರನಾಡು ಎಂದರೆ ಯುರೋಪ್ ಎಂದಾಯಿತು, ಕೊನೆಗೆ ಇಂಗ್ಲೆಂಡ್ ಒಂದೇ ಉಳಿಯಿತು.

ಬಂಗಾಳದ ಮುನ್ಶಿ ಮಿರ್ಜಾ ಶೇಖ್ ಇತಿಸಾಮುದ್ದೀನ್ 1760ರ ದಶಕದಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಬಂದವನು. ಮೊಗಲ್ ಬಾದಶಹ ಷಾ ಆಲಂನ ಪತ್ರವೊಂದನ್ನು ಮೂರನೆಯ ಜಾರ್ಜ್ ದೊರೆಗೆ ತಲುಪಿಸುವ ಕೆಲಸದ ಮೇಲೆ ಆ ಪ್ರಯಾಣ. ಮರಳಿದ ಮೇಲೆ ಪಾರ್ಸಿಯಲ್ಲಿ ಬರೆದ ಪ್ರವಾಸಕಥನಕ್ಕೆ ಅವನಿಟ್ಟ ಹೆಸರು 'ಶಿಗರ್ಫ್‌ನಾಮಾ-ಎ-ವಿಲಾಯತ್', ಅಂದರೆ ವಿಲಾಯತಿನ ಬೆರಗುಗಳ ಹೊತ್ತಿಗೆ. ಹದಿನೆಂಟನೆಯ ಶತಮಾನ ಮುಗಿಯುವ ಮೊದಲೇ ವಿಲಾಯತ್ ಎಂದರೆ ಇಂಗ್ಲೆಂಡ್ ಎಂಬುದು ಓದುಬರಹ ಬಲ್ಲವರಲ್ಲಿ ನೆಲೆಯೂರಿತ್ತು ಎಂಬುದಕ್ಕೆ ಇದು ಸಾಕ್ಷಿ.

ಸೀಮೆ ಬದನೆ, ವಿಲಾಯತಿ ಬದನೆ

ಕನ್ನಡಿಗರಿಗೆ ಈ ಅರ್ಥಪಲ್ಲಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ 'ಸೀಮೆ' ನಡೆದದ್ದೂ ಇದೇ ದಾರಿ. ಸೀಮೆ ಎಂದರೆ ಎಲ್ಲೆ, ಎಲ್ಲೆಯೊಳಗಿನ ಪ್ರದೇಶ. ಬಯಲುಸೀಮೆ ನಮ್ಮದೇ. ಆದರೆ ಸೀಮೆಎಣ್ಣೆ ನಮ್ಮದಲ್ಲ, ಸೀಮೆಸುಣ್ಣ ನಮ್ಮದಲ್ಲ, ಸೀಮೆಹಸುವೂ ನಮ್ಮ ಹಟ್ಟಿಯದಲ್ಲ. ಹೊರಗಿನಿಂದ ಬಂದ ವಸ್ತುವಿನ ಹಿಂದೆ 'ಸೀಮೆ' ಎಂದು ಸೇರಿಸಿ ನಮ್ಮ ಜನ ಅದನ್ನು ಮನೆಯೊಳಗೆ ಬಿಟ್ಟುಕೊಂಡರು. ರಾಸಾಯನಿಕ ಗೊಬ್ಬರ ಬಂದಾಗ ಅದೂ ಸೀಮೆಗೊಬ್ಬರವೇ ಆಯಿತು.

ಹಿಂದೂಸ್ತಾನಿ ಆಡುವವರು ಅದೇ ಕೆಲಸಕ್ಕೆ 'ವಿಲಾಯತಿ'ಯನ್ನು ಬಳಸಿದರು. ಟೊಮೇಟೊ ಬಂದಾಗ ಅದು ವಿಲಾಯತಿ ಬೈಂಗನ್, ಅಂದರೆ ವಿಲಾಯತಿ ಬದನೆ. ಬಾಟಲಿಯ ಸೋಡಾ ವಿಲಾಯತಿ ಪಾನಿ. ಅವರು ವಿಲಾಯತಿ ಇಮ್ಲಿ ಎನ್ನುವ ಮರ ನಮ್ಮ ಬೇಲಿಯ ಸೀಮೆ ಹುಣಸೆ. ಇಲ್ಲಿ ಎರಡು ಭಾಷೆಗಳೂ ಒಂದೇ ಹಣ್ಣಿಗೆ ಒಂದೇ ಯೋಚನೆಯಿಂದ ಹೆಸರಿಟ್ಟಿವೆ. ಬದನೆಯ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ನಾವು ಸೀಮೆ ಬದನೆ ಎನ್ನುವುದು ಟೊಮೇಟೊವನ್ನಲ್ಲ, ಮೆಕ್ಸಿಕೊ ಕಡೆಯಿಂದ ಬಂದು ಬೆಂಗಳೂರಿನ ಚಪ್ಪರಗಳಿಗೆ ಹಬ್ಬಿದ ಬಳ್ಳಿಯ ಹಸಿರು ಕಾಯಿಯನ್ನು. ಉತ್ತರದವರು ವಿಲಾಯತಿ ಬಬೂಲ್ ಎನ್ನುವ ಮುಳ್ಳಿನ ಮರಕ್ಕೆ ನಾವು ಬಳ್ಳಾರಿ ಜಾಲಿ ಎಂದೆವು. ಹೊರಗಿನದು ಎಲ್ಲಿಂದ ಶುರುವಾಗುತ್ತದೆ ಎಂಬುದು ಒಂದೊಂದು ಊರಿನಲ್ಲಿ ಒಂದೊಂದು ಥರ.

ಬಿಲಾಯತ್ ಎಂಬ ಉಚ್ಚಾರವನ್ನೂ ವಿಲಾಯತಿ ಬೈಂಗನ್, ವಿಲಾಯತಿ ಪಾನಿಗಳನ್ನೂ ಗುರುತಿಸಿ ದಾಖಲಿಸಿದ್ದು 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್'. ಇಂಡಿಯಾದ ಇಂಗ್ಲಿಷಿನೊಳಗೆ ಸೇರಿಹೋದ ದೇಸಿ ಮಾತುಗಳ ಕೋಶ ಅದು. ಅದನ್ನು ರಚಿಸಿದ ಇಬ್ಬರಲ್ಲಿ ಹೆನ್ರಿ ಯೂಲ್ ಒಬ್ಬ, ಎ.ಸಿ. ಬರ್ನೆಲ್ ಇನ್ನೊಬ್ಬ. ಬರ್ನೆಲ್ ನಮಗೆ ಅಪರಿಚಿತನಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು, ತುಳುವರ ಭೂತಾರಾಧನೆಯನ್ನೂ ಪಾಡ್ದನಗಳನ್ನೂ ಸಂಗ್ರಹಿಸಿಟ್ಟ ಬರ್ನೆಲ್ ಇವನೇ. ಕೋಶ ಅಚ್ಚಾಗುವಷ್ಟರಲ್ಲಿ, 1882ರಲ್ಲೇ, ತೀರಿಹೋಗಿದ್ದ. ಆ ದೊಡ್ಡ ಪುಸ್ತಕದಲ್ಲಿ ಬಿಲಾಯತ್ ಇದೆ, ಬ್ಲೈಟಿ ಇಲ್ಲ. ಅಧಿಕಾರಿಗಳ ಮೇಜಿನ ಮೇಲೆ ಕಾಣಿಸಿಕೊಳ್ಳುವಷ್ಟು ಮರ್ಯಾದೆ ಇನ್ನೂ ಅದಕ್ಕೆ ಸಿಕ್ಕಿರಲಿಲ್ಲ. ಅದು ಬೆಳೆಯುತ್ತಿದ್ದದ್ದು ಬ್ಯಾರಕ್ಕುಗಳಲ್ಲಿ.

ಬ್ಯಾರಕ್ಕಿನ ಹಿಂದೂಸ್ತಾನಿ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಡಿಯಾದ ದಂಡುಗಳಲ್ಲಿ ಸುಮಾರು 75 ಸಾವಿರ ಬ್ರಿಟಿಷ್ ಸೈನಿಕರಿದ್ದರು. ಅಂಬಾಲ, ಮೀರತ್, ಪುಣೆ, ನಮ್ಮ ಬೆಂಗಳೂರಿನ ದಂಡು ಪ್ರದೇಶ ಎಲ್ಲೆಡೆ ಹರಡಿಕೊಂಡಿದ್ದರು. ಲಂಡನ್ನಿನ, ಮ್ಯಾಂಚೆಸ್ಟರಿನ, ಡಬ್ಲಿನ್ನಿನ ಬಡವರ ಮಕ್ಕಳು. ಬಂದವರು ವರ್ಷಗಟ್ಟಲೆ ಇಲ್ಲೇ. ನಡುವೆ ಊರಿಗೆ ಹೋಗಿಬರುವ ಭಾಗ್ಯ ಸಾಮಾನ್ಯ ಸೈನಿಕನಿಗೆ ಇರಲಿಲ್ಲ. ಸೂಯೆಜ್ ಕಾಲುವೆ ತೆರೆದ ಮೇಲೂ ಹಡಗಿನ ದಾರಿ ಮೂರು ವಾರದ್ದು.

ಇವರ ಬಟ್ಟೆ ಒಗೆಯುವವನು, ಚಹಾ ತರುವವನು, ಮುಖಕ್ಷೌರ ಮಾಡುವವನು, ಎಲ್ಲರೂ ಇಲ್ಲಿನವರು. ದಿನವೂ ಕೇಳಿ ಕೇಳಿ ಅರ್ಧಂಬರ್ಧ ಹಿಂದೂಸ್ತಾನಿ ನಾಲಿಗೆಗೆ ಹತ್ತಿತು. ರೊಟ್ಟಿ 'ರೂಟಿ' ಆಯಿತು. ಚಹಾ 'ಚಾರ್' ಆಯಿತು. ದೇಖೋ 'ಡೆಕ್ಕೊ' ಆಗಿ, ಒಂದು ಡೆಕ್ಕೊ ಹಾಕು ಎಂದರೆ ಒಮ್ಮೆ ಕಣ್ಣಾಡಿಸು ಎಂದಾಯಿತು. ಭಕ್ಷೀಸು 'ಬಕ್ಷೀ' ಆಗಿ ಪುಕ್ಕಟೆ ಎಂಬ ಅರ್ಥ ಪಡೆಯಿತು. ಸುಖದ ಕೆಲಸಕ್ಕೆ ಇಂದಿಗೂ ಇಂಗ್ಲಿಷಿನಲ್ಲಿರುವ 'ಕುಶಿ' ನಮ್ಮ ಖುಷಿಯಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಇವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವುದು 'ಡೂಲಾಲಿ'. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಸೇನೆಯ ಶಿಬಿರವಿತ್ತು. ಅವಧಿ ಮುಗಿಸಿದ ಸೈನಿಕರು ಊರಿಗೆ ಹೊರಡುವ ಹಡಗಿಗಾಗಿ ಅಲ್ಲಿ ಕಾಯಬೇಕಿತ್ತು. ಸೈನಿಕರನ್ನು ಸಾಗಿಸುವ ಹಡಗುಗಳು ಓಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಯ ಆರಂಭದಲ್ಲಿ ಅವಧಿ ಮುಗಿದವನು ಕೆಲಸವಿಲ್ಲದೆ, ಬಿಸಿಲಲ್ಲಿ ತಿಂಗಳುಗಟ್ಟಲೆ ಕೂರಬೇಕು. ತಲೆ ಕೆಟ್ಟವರಿದ್ದರು, ಕುಡಿದು ಹಾಳಾದವರಿದ್ದರು. ಬುದ್ಧಿ ಕೆಟ್ಟವನನ್ನು 'ಡೂಲಾಲಿ ಟ್ಯಾಪ್' ಹಿಡಿದವನು ಎನ್ನುವುದು ಹಾಗೆ ಹುಟ್ಟಿತು. ಆ ಟ್ಯಾಪ್ ಬೇರೇನಲ್ಲ, ತಾಪ, ದೇವಳಾಲಿಯ ಜ್ವರ.

ಆ ಕಾಯುವವರ ಬಾಯಲ್ಲಿ ಊರಿನ ಹೆಸರು ಬ್ಲೈಟಿ. ಉತ್ತರದ ಆಡುಮಾತಿನಲ್ಲಿ ವಿಲಾಯತಿ ಎಂಬುದು ಬಿಲಾಯತಿ ಆಗಿಯೇ ಇತ್ತು. ಇಂಗ್ಲಿಷ್ ನಾಲಿಗೆ ಮೊದಲ ಇಕಾರವನ್ನು ನುಂಗಿತು. ನಡುವಿನ 'ಲಾಯ' ಕುಗ್ಗಿ 'ಲೈ' ಆಯಿತು. ನಮ್ಮ ತಕಾರ ಅವರಿಗೆ ಒಗ್ಗದೆ ಟಕಾರವಾಯಿತು. ಬಿಲಾಯತಿ, ಬ್ಲಾಯ್ತಿ, ಬ್ಲೈಟಿ. ವ್ಯಾಕರಣದಲ್ಲೂ ಒಂದು ಜಾರಾಟ ನಡೆದಿದೆ. ವಿಲಾಯತ್ ದೇಶದ ಹೆಸರು, ವಿಲಾಯತಿ ಅಲ್ಲಿಯದು ಎಂಬ ವಿಶೇಷಣ. ಸೈನಿಕರು ವಿಶೇಷಣವನ್ನೇ ಹಿಡಿದು ದೇಶಕ್ಕೆ ಇಟ್ಟರು. ಅದರಲ್ಲಿ ಅವರ ತಪ್ಪೇನೂ ಇಲ್ಲ. 'ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದ' ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಕೇಡಿಗ ಎಂಬ ಅರ್ಥದ 'ಬ್ಲೈಟರ್' ಎಂಬ ಇಂಗ್ಲಿಷ್ ಬೈಗುಳ ಕಿವಿಗೆ ಇದರಂತೆಯೇ ಕೇಳುತ್ತದೆ. ಅದಕ್ಕೂ ಇದಕ್ಕೂ ನಂಟಿಲ್ಲ.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಇಂಡಿಯಾದಲ್ಲಿ ಅವಧಿ ಕಳೆದು ಊರು ಸೇರಿದ್ದ ಹಳೆಯ ಸೈನಿಕರನ್ನೂ ಮೀಸಲು ಪಡೆಯಿಂದ ವಾಪಸ್ ಕರೆದರು. ಮರುವರ್ಷ ಮುಗಿಯುವಷ್ಟರಲ್ಲಿ ಇಪ್ಪತ್ತನಾಲ್ಕು ಲಕ್ಷಕ್ಕೂ ಹೆಚ್ಚು ಹೊಸಬರು ಸ್ವಇಚ್ಛೆಯಿಂದ ಸೇನೆಗೆ ಸೇರಿದ್ದರು. ಗುಮಾಸ್ತರು, ಗಣಿ ಕೆಲಸದವರು, ಅಂಗಡಿ ಹುಡುಗರು. ಬೂಟು ಕಟ್ಟುವುದರಿಂದ ಹಿಡಿದು ಬೈಗುಳದವರೆಗೆ ಅವರಿಗೆ ಎಲ್ಲವನ್ನೂ ಕಲಿಸಿದವರು ಈ ಹಳಬರು. ಇಂಡಿಯಾವನ್ನು ನಕ್ಷೆಯಲ್ಲೂ ಸರಿಯಾಗಿ ನೋಡಿರದ ಹುಡುಗರು ಹೀಗೆ ಹಿಂದೂಸ್ತಾನಿ ಮಾತುಗಳನ್ನಾಡತೊಡಗಿದರು. ಅದೇ ಕಂದಕಗಳಲ್ಲಿ ಬೆಂಗಳೂರಿನ ಹೆಸರೂ ಕೇಳುತ್ತಿತ್ತು. ಮುಳ್ಳುತಂತಿಯ ಬೇಲಿಯಡಿ ತೂರಿಸಿ ಸಿಡಿಸುವ ಮದ್ದಿನ ಕೊಳವೆಗೆ 'ಬ್ಯಾಂಗಲೋರ್ ಟಾರ್ಪೆಡೊ' ಎಂದು ಹೆಸರು. 1912ರಲ್ಲಿ ನಮ್ಮೂರಿನ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ ಸಾಧನ ಅದು.

ಬೇಡಿ ಪಡೆಯುವ ಗಾಯ

ಇಂಡಿಯಾದಲ್ಲಿ ಬ್ಲೈಟಿ ಎಂದರೆ ವಾರಗಟ್ಟಲೆ ಕಡಲಾಚೆಯ ಊರು. ಫ್ರಾನ್ಸಿನಲ್ಲಿ ಹಾಗಲ್ಲ. ಕಡಲ್ಗಾಲುವೆ ದಾಟಿದರೆ ಊರು ಬಂತು. ಗಾಳಿ ಅನುಕೂಲವಾಗಿದ್ದ ದಿನ ಫಿರಂಗಿಗಳ ಸದ್ದು ಕೆಂಟ್ ಮತ್ತು ಸಸೆಕ್ಸ್‌ನ ಮನೆಗಳಿಗೇ ಕೇಳುತ್ತಿತ್ತು. ಅಷ್ಟು ಹತ್ತಿರವಿದ್ದೂ ಹೋಗುವಂತಿಲ್ಲ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೊಮ್ಮೆ ಕೆಲವು ದಿನ ರಜೆ ಸಿಕ್ಕಿದರೂ ಅದೃಷ್ಟವೇ. ದೂರದ ಊರಿಗಾಗಿ ಹುಟ್ಟಿದ ಮಾತು ಹತ್ತಿರದ ಊರಿಗೆ ಅಂಟಿಕೊಂಡು ಇನ್ನಷ್ಟು ತೀವ್ರವಾಯಿತು ಎಂದೇ ನನಗನಿಸುತ್ತದೆ.

ಹೋಗಲು ಖಚಿತವಾದ ದಾರಿ ಒಂದೇ. ಸಾಯುವಷ್ಟಲ್ಲದ, ಬದುಕಿಡೀ ಅಂಗವಿಕಲನನ್ನಾಗಿ ಮಾಡದ, ಆದರೆ ಫ್ರಾನ್ಸಿನ ಆಸ್ಪತ್ರೆಯಲ್ಲೇ ವಾಸಿಮಾಡಿ ಮತ್ತೆ ಕಂದಕಕ್ಕೆ ಕಳಿಸಲಾಗದಷ್ಟು ದೊಡ್ಡದಾದ ಒಂದು ಗಾಯ. ಅದಕ್ಕೂ ಬ್ಲೈಟಿ ಎಂದೇ ಹೆಸರಾಯಿತು. 'ಅವನಿಗೊಂದು ಬ್ಲೈಟಿ ಬಿತ್ತು' ಎಂದರೆ ಊರಿಗೆ ಹೋದ ಎಂದರ್ಥ. ದೇಶದ ಹೆಸರು ಗಾಯದ ಹೆಸರಾದದ್ದು ಎರಡೇ ವರ್ಷದೊಳಗೆ.

ಮೊಣಕಾಲಿನ ಕೆಳಗೆ ಮಾಂಸದಲ್ಲಿ ಹಾದುಹೋದ ಗುಂಡು, ಮುರಿದ ಮುಂಗೈ, ಭುಜದಲ್ಲಿ ಚೂರು. ಕೇಳಲು ಸರಳ. ಆದರೆ ಅಲ್ಲಿಯ ಹೊಲಗಳಿಗೆ ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ಹಾಕಿದ್ದರು. ಆ ಮಣ್ಣು ಮೆತ್ತಿದ ಬಟ್ಟೆಯ ಚೂರು ಗುಂಡಿನ ಜೊತೆ ಗಾಯದೊಳಗೆ ಹೋದರೆ ಮಾಂಸ ಕೊಳೆತು, ಒಳಗೇ ಗಾಳಿ ತುಂಬಿ ಕೆಲವೇ ದಿನದಲ್ಲಿ ಸಾವು. ಪೆನ್ಸಿಲಿನ್ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಬ್ಲೈಟಿ ಎಂದು ನಕ್ಕವನು ವಾರದೊಳಗೆ ಇಲ್ಲವಾದ ಪ್ರಸಂಗಗಳಿದ್ದವು. ಆ ಗಂಡಾಂತರವೂ ಗೊತ್ತಿದ್ದೇ ಅವರು ಗಾಯವನ್ನು ಬೇಡಿದರು. ಕಂದಕದ ಬದುಕು ಹೇಗಿತ್ತೆಂದು ತಿಳಿಯಲು ಇದಕ್ಕಿಂತ ಬೇರೆ ಅಳತೆ ನನಗೆ ಕಾಣುವುದಿಲ್ಲ.

ಸೋಮ್ ಕದನದ ಮೊದಲ ದಿನವೊಂದರಲ್ಲೇ, 1916ರ ಜುಲೈ 1ರಂದು, ಬ್ರಿಟಿಷ್ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಒಟ್ಟು 57,470. ಅವರಲ್ಲಿ ಸತ್ತವರೇ 19,240. ಬದುಕಿದವರ ಸಾಗಾಟ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತಿತ್ತು: ಕಂದಕದ ಹಿಂದಿನ ಪಟ್ಟಿ ಕಟ್ಟುವ ಜಾಗ, ಡೇರೆಯ ಆಸ್ಪತ್ರೆ, ರೈಲು, ಕಡಲ ತಡಿಯ ದೊಡ್ಡ ಆಸ್ಪತ್ರೆ, ಹಡಗು. ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದ ಹೊರಗೆ ಜನ ಕಾದು ನಿಂತು ಆಂಬುಲೆನ್ಸ್‌ಗಳಿಗೆ ಹೂವೆಸೆಯುತ್ತಿದ್ದರು. ಗುಣವಾಗುವವರೆಗೆ ಸೈನಿಕರಿಗೆ ನೀಲಿ ಉಡುಪು, ಕೆಂಪು ಟೈ. ವಾಸಿಯಾದವನಿಗೆ ಮತ್ತೆ ಫ್ರಾನ್ಸ್. ಬ್ಲೈಟಿ ಬಿಡುಗಡೆಯಾಗಿರಲಿಲ್ಲ, ಒಂದು ಬಿಡುವು ಅಷ್ಟೇ.

ಆ ಬಿಡುವಿಗೂ ಕಾಯಲಾಗದೆ ತಮ್ಮ ಕೈಗೆ, ಕಾಲಿಗೆ ತಾವೇ ಗುಂಡು ಹಾರಿಸಿಕೊಂಡವರಿದ್ದರು. ಸೇನೆಯ ಕಾನೂನಿನಲ್ಲಿ ಅದು ಘೋರ ಅಪರಾಧ. ಅಂಥವರನ್ನು ಪ್ರತ್ಯೇಕ ವಾರ್ಡಿನಲ್ಲಿ ಕಾವಲಿನಲ್ಲಿಟ್ಟು, ವಾಸಿಯಾದ ಮೇಲೆ ವಿಚಾರಣೆಗೆ ಒಪ್ಪಿಸುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಹೀಗೆ ಶಿಕ್ಷೆಯಾದವರು ನಾಲ್ಕು ಸಾವಿರದ ಹತ್ತಿರ. ಸೈನಿಕರ ಆಡುಮಾತಿನಲ್ಲೇ ಕವಿತೆ ಬರೆದ ವಿಲ್ಫ್ರೆಡ್ ಓವೆನ್ ಈ ಎರಡನ್ನೂ ಮುಟ್ಟಿದ್ದಾನೆ. ಅವನ 'ದಿ ಚಾನ್ಸಸ್' ಕವಿತೆಯಲ್ಲಿ ಬ್ಲೈಟಿ ಬರುತ್ತದೆ. ಸ್ವತಃ ಗಾಯ ಮಾಡಿಕೊಂಡವನ ಬಗ್ಗೆ ಬೇರೆಯೇ ಒಂದು ಕವಿತೆ ಇದೆ. ಯುದ್ಧ ಮುಗಿಯಲು ಒಂದು ವಾರವಿದ್ದಾಗ, 1918ರ ನವೆಂಬರ್ 4ರಂದು, ಓವೆನ್ ಗುಂಡಿಗೆ ಬಲಿಯಾದ.

ಅವನ ಓರಗೆಯ ಕವಿ ರಾಬರ್ಟ್ ಗ್ರೇವ್ಸ್ 1916ರ ಜುಲೈನಲ್ಲಿ ಎಷ್ಟು ಗಾಯಗೊಂಡಿದ್ದನೆಂದರೆ, ಸತ್ತನೆಂದೇ ಪತ್ರಿಕೆಯಲ್ಲಿ ಬಂದಿತ್ತು. ಬದುಕಿ ಉಳಿದು 1929ರಲ್ಲಿ ಬರೆದ ಆತ್ಮಕಥೆಯಲ್ಲಿ ಬ್ಲೈಟಿ ಎಂಬುದು ಹಿಂದೂಸ್ತಾನಿಯಲ್ಲಿ 'ಮನೆ' ಎಂಬರ್ಥದ ಮಾತು ಎಂದು ವಿವರಿಸಿದ. ಹಿಂದೂಸ್ತಾನಿಯಲ್ಲಿ ಅದರ ಅರ್ಥ ಮನೆಯಲ್ಲ, ಪರದೇಶ. ಆದರೆ ಕಂದಕದಲ್ಲಿ ಅದನ್ನು ಕೇಳಿದ ಯಾರಿಗಾದರೂ ಅದು ಮನೆ ಎಂದೇ ಕೇಳಿಸುತ್ತಿತ್ತು.

ಬ್ರೈಟನ್ನಿನ ಅರಮನೆಯಲ್ಲಿ

ಆ ಮಾತನ್ನು ಹುಟ್ಟಿಸಿದ ನೆಲದವರೂ ಅದೇ ಕಂದಕಗಳಲ್ಲಿದ್ದರು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಜನ್, ಅದರ ಬೆನ್ನಿಗೇ ಮೀರತ್ ಡಿವಿಜನ್ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಯುದ್ಧ ಮುಗಿಯುವವರೆಗೆ ಆ ರಣರಂಗಕ್ಕೆ ಹೋದ ಭಾರತೀಯರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಪಂಜಾಬಿಗಳು, ಪಠಾಣರು, ಗಢವಾಲಿಗಳು, ಗೂರ್ಖಾಗಳು. ಊರಿಗೆ ಬರೆದ ಪತ್ರಗಳಲ್ಲಿ ಅವರೂ ವಿಲಾಯತ್ ಎಂದು ಬರೆದರು. ಅವರ ವಿಲಾಯತ್ ಪರದೇಶವಾಗಿಯೇ ಇತ್ತು.

ಗಾಯಗೊಂಡ ಅವರನ್ನೂ ಹಡಗಿನಲ್ಲಿ ಅಲ್ಲಿಗೇ ಒಯ್ದರು. ಕಡಲ ತಡಿಯ ಬ್ರೈಟನ್‌ನಲ್ಲಿ ನಾಲ್ಕನೆಯ ಜಾರ್ಜ್ ತನ್ನ ವಿಲಾಸಕ್ಕೆಂದು ಕಟ್ಟಿಸಿದ ರಾಯಲ್ ಪೆವಿಲಿಯನ್ ಇದೆ. ಹಿಂದೂಸ್ತಾನದ ಗುಮ್ಮಟ, ಮಿನಾರುಗಳ ಮಾದರಿಯ ಹೊರಮೈ. 1914ರ ಡಿಸೆಂಬರ್‌ನಲ್ಲಿ ಅದನ್ನೇ ಭಾರತೀಯರ ಆಸ್ಪತ್ರೆ ಮಾಡಿದರು. ದೊಡ್ಡ ತೂಗುದೀಪಗಳ ಕೆಳಗೆ ಸಾಲು ಮಂಚಗಳು. ಜಾತಿ ಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ, ಉರ್ದು, ಹಿಂದಿ, ಗುರುಮುಖಿಯಲ್ಲಿ ಫಲಕಗಳು. ದೊರೆ ನಿಮ್ಮವರನ್ನು ತನ್ನ ಅರಮನೆಯಲ್ಲೇ ಇರಿಸಿಕೊಂಡಿದ್ದಾನೆ ಎಂದು ಊರಿಗೆ ತೋರಿಸಲು ಚಿತ್ರದ ಕಾರ್ಡುಗಳನ್ನು ಅಚ್ಚು ಹಾಕಿಸಿದರು.

ಅದೇ ಊರಿನಲ್ಲಿ ಬಡವರ ವಸತಿಯಾಗಿದ್ದ ದೊಡ್ಡ ಕಟ್ಟಡವೊಂದು ಕಿಚನರ್ ಆಸ್ಪತ್ರೆಯಾಯಿತು. ಅಲ್ಲಿ ಗೋಡೆಯ ಮೇಲೆ ಮುಳ್ಳುತಂತಿ, ಬಾಗಿಲಲ್ಲಿ ಕಾವಲು. ಗುಣವಾಗುತ್ತಿದ್ದವರು ತಾವಾಗಿ ಪೇಟೆಗೆ ಹೋಗುವಂತಿರಲಿಲ್ಲ. ಬ್ರಿಟಿಷ್ ಸೈನಿಕನಿಗೆ ಬ್ಲೈಟಿ ಎಂದರೆ ಹೆತ್ತವರು ಬಂದು ಮಂಚದ ಪಕ್ಕ ಕೂರುವುದು. ಜಲಂಧರದ ಹುಡುಗನಿಗೆ ಅದು ಹೆತ್ತವರಿಂದ ಇನ್ನಷ್ಟು ದೂರವಾದದ್ದು. ವಾಸಿಯಾದ ಮೇಲೆ ಊರಿಗಲ್ಲ, ಮತ್ತೆ ಕಂದಕಕ್ಕೇ ಕಳಿಸುತ್ತಾರೆಂದು ತಿಳಿದಾಗ ಅವರ ಪತ್ರಗಳಲ್ಲಿ ಸಂಕಟ ತುಂಬಿತು. ಆ ಪತ್ರಗಳನ್ನು ಸೇನೆ ಒಡೆದು ಓದುತ್ತಿತ್ತು. ಹಾಗಾಗಿಯೇ ಅವುಗಳ ಅನುವಾದಗಳು ಕಡತಗಳಲ್ಲಿ ನಮಗೆ ಉಳಿದಿವೆ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಭಾರತೀಯ ಸೈನಿಕರು ಊರಿಗೆ ಹೋಗುವ ಆಸೆಯಿಂದ ತಾವೇ ಕೈಗೆ ಗುಂಡು ಹಾರಿಸಿಕೊಳ್ಳುತ್ತಿದ್ದಾರೆಂಬ ಅನುಮಾನ ಮೇಲಧಿಕಾರಿಗಳಲ್ಲಿ ಹಬ್ಬಿತ್ತು. ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೆಟನ್ ಸಾವಿರ ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ ವರದಿ ಬರೆದ. ಆ ಅನುಮಾನಕ್ಕೆ ಆಧಾರ ಸಿಗಲಿಲ್ಲ. ಮುಳ್ಳುತಂತಿ ಹಾಕಿಸಿದ ಅಧಿಕಾರಿಯೇ ಬರೆದ ಈ ವರದಿಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಬ್ರೈಟನ್ನಿನಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದರು. 53 ಮಂದಿ. ಆ ಜಾಗದಲ್ಲಿ ಬಿಳಿ ಅಮೃತಶಿಲೆಯ ಛತ್ರಿಯೊಂದು ನಿಂತಿದೆ. 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರ ಅದನ್ನು ಅನಾವರಣ ಮಾಡಿದ.

ಮೈಸೂರು ಲ್ಯಾನ್ಸರ್ಸ್‌ನ ನಮ್ಮ ಕುದುರೆ ಸವಾರರು ಹೋದದ್ದು ಬೇರೆ ರಣರಂಗಕ್ಕೆ, ಸೂಯೆಜ್ ಮತ್ತು ಪ್ಯಾಲೆಸ್ಟೀನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಅವರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ.

ಹಾಡು, ಪತ್ರಿಕೆ

ಯುದ್ಧಕ್ಕೆ ಮೊದಲು ಅಚ್ಚಿನಲ್ಲಿ ಅಪರೂಪವಾಗಿದ್ದ ಮಾತು 1916ರ ಹೊತ್ತಿಗೆ ಬ್ರಿಟನ್ನಿನ ಮನೆಮಾತಾಯಿತು. ಆ ವರ್ಷ ಆರ್ಥರ್ ಮಿಲ್ಸ್, ಫ್ರೆಡ್ ಗಾಡ್‌ಫ್ರೆ, ಬೆನೆಟ್ ಸ್ಕಾಟ್ ಸೇರಿ ಬರೆದ 'ಟೇಕ್ ಮಿ ಬ್ಯಾಕ್ ಟು ಡಿಯರ್ ಓಲ್ಡ್ ಬ್ಲೈಟಿ' ಎಂಬ ಹಾಡು ಊರೂರಿನ ರಂಗಮಂದಿರಗಳಲ್ಲಿ ಮೊಳಗಿತು. ಪ್ರೇಕ್ಷಕರೂ ದನಿಗೂಡಿಸಿ ಹಾಡುವಂಥ ಧಾಟಿ. ಅದೇ ವರ್ಷ ಸೈನಿಕರಿಗೆ ಪುಕ್ಕಟೆ ಹಂಚಲೆಂದು 'ಬ್ಲೈಟಿ' ಹೆಸರಿನ ವಾರಪತ್ರಿಕೆ ಹೊರಟಿತು. ನಗೆಚಿತ್ರ, ಸಣ್ಣಕಥೆ, ಪದ್ಯಗಳಿದ್ದ ಪತ್ರಿಕೆ. ಊರಿನಲ್ಲಿ ಮಾರಿ ಬಂದ ಹಣದಿಂದ ರಣರಂಗದ ಪ್ರತಿಗಳ ಖರ್ಚು ನಡೆಯುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ಆ ಪತ್ರಿಕೆ ಮತ್ತೆ ಹುಟ್ಟಿತು.

ಆ ಹಾಡಿನ ಆಯುಷ್ಯ ಇನ್ನೂ ದೊಡ್ಡದು. 1962ರ 'ದಿ ಎಲ್-ಶೇಪ್ಡ್ ರೂಮ್' ಸಿನಿಮಾದಲ್ಲಿ ನಟಿ ಸಿಸಿಲಿ ಕೋರ್ಟ್‌ನೀಜ್ ಅದನ್ನು ಹಾಡುತ್ತಾಳೆ. 1986ರಲ್ಲಿ ಮ್ಯಾಂಚೆಸ್ಟರಿನ 'ದಿ ಸ್ಮಿತ್ಸ್' ತಂಡ ತನ್ನ 'ದಿ ಕ್ವೀನ್ ಈಸ್ ಡೆಡ್' ಆಲ್ಬಮ್ ಶುರುಮಾಡಿದ್ದು ಆ ಸಿನಿಮಾದ ಅದೇ ಧ್ವನಿ ತುಣುಕಿನಿಂದ. ಕಂದಕದ ಬಗ್ಗೆ ಏನೂ ಗೊತ್ತಿರದ ತಲೆಮಾರಿನ ಕಿವಿಗೂ ವಿಲಾಯತಿ ಹೀಗೆ ತಲುಪಿತು.

ಬೀದಿಯಲ್ಲಿ ಸುಟ್ಟ ವಿಲಾಯತಿ

ಇತ್ತ ನಮ್ಮಲ್ಲಿ ಅದೇ ಪದದ ಬದುಕು ಬೇರೆ ದಾರಿ ಹಿಡಿದಿತ್ತು. ಬಂಗಾಳದ ಸ್ವದೇಶಿ ಚಳವಳಿಯ ಕಾಲಕ್ಕೇ 'ವಿಲಾಯತಿ' ಎಂದರೆ ಬಿಡಬೇಕಾದದ್ದು ಎಂಬ ಭಾವ ಹುಟ್ಟಿತ್ತು. 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ, ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ, ಗಾಂಧೀಜಿ ವಿಲಾಯತಿ ಬಟ್ಟೆಯ ದೊಡ್ಡ ರಾಶಿಗೆ ಬೆಂಕಿ ಹಚ್ಚಿದರು. ರೇಷ್ಮೆ ಸೀರೆ, ಕೋಟು, ಟೊಪ್ಪಿಗೆಗಳು ಉರಿದವು. ಪ್ಯಾಚಮ್ ಗುಡ್ಡದ ಛತ್ರಿ ಅನಾವರಣಗೊಂಡ ಆರು ತಿಂಗಳಿಗೆ ನಡೆದ ಘಟನೆ ಇದು. ಕನ್ನಡ ನಾಡಿನ ಊರುಗಳಲ್ಲೂ ವಿಲಾಯತಿ ಬಟ್ಟೆಯ ದಹನಗಳು ನಡೆದವು. ಲಂಡನ್ನಿನ ರಂಗಮಂದಿರದಲ್ಲಿ ಕಣ್ಣೀರು ತರಿಸುತ್ತಿದ್ದ ಮಾತು ನಮ್ಮ ಬೀದಿಗಳಲ್ಲಿ ಧಿಕ್ಕಾರದ ಕೂಗಿನ ಭಾಗವಾಗಿತ್ತು. ಇಲ್ಲಿ ಅದು ತನ್ನ ಹಳೆಯ ಅರ್ಥವನ್ನು, ಪರರದು ಎಂಬುದನ್ನು, ಬಿಟ್ಟುಕೊಟ್ಟಿರಲೇ ಇಲ್ಲ.

ಇಂದಿನ ಬ್ಲೈಟಿ, ಇಂದಿನ ವಲೈತ್

ಬ್ಲೈಟಿ ಈಗ ಬ್ರಿಟನ್ನಿನ ಒಳಗೆ ಸ್ವಲ್ಪ ಹಳೆಯ ವಾಸನೆಯ ಪದ. ಎಳೆಯರು ದಿನನಿತ್ಯ ಆಡುವುದಿಲ್ಲ. ಪತ್ರಿಕೆಯ ತಲೆಬರಹಗಳಲ್ಲಿ, ಸ್ಪೇನಿನ ಕಡಲತಡಿಯಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದ ಹಿರಿಯರ ಮಾತಿನಲ್ಲಿ ಬದುಕಿದೆ. 'ಕ್ರಿಸ್‌ಮಸ್‌ಗೆ ಬ್ಲೈಟಿಗೆ ಹೋಗಿ ಬರುತ್ತೇವೆ' ಎನ್ನುವಾಗ ಅದರಲ್ಲಿ ಮಳೆ, ಚಹಾ, ಬಾಲ್ಯದ ಬೀದಿ ಎಲ್ಲವೂ ಇರುತ್ತದೆ. ಊರೊಳಗೇ ಇರುವವನಿಗೆ ಅದು ಬೇಕಾಗುವುದಿಲ್ಲ. ಮೊದಲಿನಿಂದಲೂ ಅದು ಹೊರಗಿದ್ದವರ ಮಾತೇ.

ಲಂಡನ್ನಿನ ಸೌತಾಲ್, ಬರ್ಮಿಂಗಹ್ಯಾಮ್, ಬ್ರಾಡ್‌ಫರ್ಡ್‌ಗಳಲ್ಲಿ ಇದೇ ಪದದ ಇನ್ನೊಂದು ರೂಪ ಓಡಾಡುತ್ತಿದೆ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆ, ಗಿರಣಿಗಳ ಕೆಲಸಕ್ಕೆಂದು ಪಂಜಾಬಿನಿಂದ, ಮೀರ್‌ಪುರದಿಂದ ಹೋದವರು ಆ ದೇಶವನ್ನು 'ವಲೈತ್' ಎಂದರು; ಅವರಲ್ಲಿ ಹಿರಿಯರು ಈಗಲೂ ಹಾಗೆಯೇ ಎನ್ನುತ್ತಾರೆ. ಐವತ್ತು ವರ್ಷ ಅಲ್ಲೇ ಬದುಕಿ, ಮಕ್ಕಳು ಮೊಮ್ಮಕ್ಕಳನ್ನು ಕಂಡರೂ ಮಾತು ಬದಲಾಗಿಲ್ಲ. ಆ ಮೊಮ್ಮಕ್ಕಳು ರಜೆಗೆಂದು ಅಜ್ಜನ ಹಳ್ಳಿಗೆ ಬಂದಾಗ, ಅವರ ಬೂಟು, ಪಂಜಾಬಿಯ ನಡುವೆ ನುಸುಳುವ ಇಂಗ್ಲಿಷ್, ನಲ್ಲಿ ನೀರು ಕುಡಿಯಲು ಹಿಂಜರಿಯುವುದು ಇದೆಲ್ಲವನ್ನೂ ನೋಡಿ ಊರಿನವರು ಅವರಿಗೆ ಇಡುವ ಹೆಸರು 'ವಲೈತಿ'.